ಸೋರುವ ಒಡ್ಡು, ನಡೆಯುವ ಒಡ್ಡು: ಚೆಸಿಲ್ ದಂಡೆ ಮತ್ತು ಅದರ ಹಿಂದಿನ ಕಡಲಕೆರೆ

(ಧಾರವಾಡದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆ ಹುಟ್ಟುವ ಜಾಗವನ್ನು ಇಲ್ಲಿ ಕೂತ ಬಹಳ ಮಂದಿ ನೋಡಿದ್ದೀರಿ. ಅಲ್ಲಿ ಬಿದ್ದ ಮಳೆ ಕಲಘಟಗಿ ಕಡೆ ಹರಿದು ಬೇಡ್ತಿಯನ್ನು ಕೂಡುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನ್ನಿಸಿಕೊಂಡು, ಅಂಕೋಲೆ ಸೀಮೆಯ ಮಂಜಗುಣಿಯಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಊರಿನ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಹಳ್ಳ ಹಿಡಿದು ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಾಗಾಗಿ ಧಾರವಾಡದವರಿಗೆ ಕಡಲು ದೂರ ಎನ್ನುವ ಮಾತು ಪೂರ್ತಿ ನಿಜವಲ್ಲ. ನಮ್ಮ ಹೊಲದ ಮಣ್ಣು ಪ್ರತಿ ಮಳೆಗಾಲ ಎರಡೂ ಕಡಲಿಗೆ ಹೋಗುತ್ತಲೇ ಇರುತ್ತದೆ.

ಹೋಗುವುದು ಮಣ್ಣು ಮತ್ತು ಉಸುಕು. ಕಲ್ಲು ಅಷ್ಟಾಗಿ ಹೋಗುವುದಿಲ್ಲ. ಗೋಕರ್ಣ, ಕಾರವಾರ, ಮುರ್ಡೇಶ್ವರ ಎಲ್ಲೇ ಹೋಗಿ, ಕಾಲಿಗೆ ಸಿಗುವುದು ಉಸುಕೇ. ಇದಕ್ಕೆ ಕಾರಣಗಳಿವೆ. ನಮ್ಮ ಘಟ್ಟದ ಬಂಡೆ ಬಿಸಿಲು, ಮಳೆಗೆ ಒಳಗಿಂದಲೇ ಕೊಳೆಯುತ್ತದೆ. ಅದರಲ್ಲಿರುವ ಹೆಚ್ಚಿನ ಖನಿಜ ಜೇಡಿಯಾಗುತ್ತದೆ, ಗಟ್ಟಿ ಉಳಿಯುವುದು ಬೆಣಚಿನ ಹರಳು ಮಾತ್ರ. ಅದೇ ಉಸುಕು. ಹೊಳೆಯಲ್ಲಿ ಉರುಳುವ ಗುಂಡುಗಲ್ಲು ಘಟ್ಟದ ಬುಡದವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಹೊಳೆಯ ಇಳಿಜಾರು ತೀರ ಕಡಿಮೆ, ಅಳಿವೆಯಲ್ಲಿ ಉಬ್ಬರದ ನೀರು ಎದುರಿಗೆ ನಿಲ್ಲುತ್ತದೆ. ಕಲ್ಲು ಅಲ್ಲೇ ಕೂರುತ್ತದೆ, ಉಸುಕು ಮಾತ್ರ ಕಡಲು ಮುಟ್ಟುತ್ತದೆ.

ಇವತ್ತು ಹೇಳಹೊರಟಿರುವುದು ಇದಕ್ಕೆ ಪೂರ್ತಿ ಬೇರೆಯಾದ ಒಂದು ಕಡಲದಂಡೆಯ ವಿಷಯ. ಇಂಗ್ಲೆಂಡಿನ ದಕ್ಷಿಣಕ್ಕೆ ಡಾರ್ಸೆಟ್ ಎಂಬ ಜಿಲ್ಲೆ ಇದೆ. ಅಲ್ಲಿ ವೆಸ್ಟ್ ಬೇ ಎಂಬ ಸಣ್ಣ ಬಂದರಿನಿಂದ ಪೋರ್ಟ್‌ಲ್ಯಾಂಡ್ ಎಂಬ ಸುಣ್ಣದಕಲ್ಲಿನ ನಡುಗಡ್ಡೆಯವರೆಗೆ ಸುಮಾರು 29 ಕಿಲೋಮೀಟರ್ ಉದ್ದಕ್ಕೆ ಬರೀ ಗುಂಡುಗಲ್ಲಿನ ದಂಡೆ. ಹೆಸರು ಚೆಸಿಲ್. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಕಲ್ಲಹರಳು ಎಂದೇ ಅರ್ಥ. ಪಡುವಣ ಭಾಗದಲ್ಲಿ ಈ ದಂಡೆ ನೆಲಕ್ಕೆ ಅಂಟಿಕೊಂಡಿದೆ. ಆಬಟ್ಸ್‌ಬರಿ ಎಂಬ ಹಳ್ಳಿ ಬಂದ ಮೇಲೆ ನೆಲವನ್ನು ಬಿಟ್ಟು ಒಂಟಿಯಾಗಿ ಹೋಗುತ್ತದೆ: ಒಂದು ಕಡೆ ತೆರೆದ ಸಮುದ್ರ, ಇನ್ನೊಂದು ಕಡೆ 13 ಕಿಲೋಮೀಟರ್ ಉದ್ದದ ಶಾಂತವಾದ ಉಪ್ಪುನೀರು. ಆ ನೀರಿಗೆ ಫ್ಲೀಟ್ ಎನ್ನುತ್ತಾರೆ. ಭೂಗೋಳದ ಪಾಠದಲ್ಲಿ ಲಗೂನ್ ಎಂದು ಓದಿರುತ್ತೀರಿ. ನಾನು ಕಡಲಕೆರೆ ಎನ್ನುತ್ತೇನೆ. ಯಾಕೆಂದರೆ ನಮಗೆ ಕೆರೆ ಗೊತ್ತು, ಕೆರೆಯ ಒಡ್ಡು ಗೊತ್ತು. ಉಣಕಲ್ ಕೆರೆಯ ಒಡ್ಡಿನ ಮೇಲೆ ನಿಂತವರಿಗೆ ಚೆಸಿಲ್ ದಂಡೆಯ ನೆತ್ತಿಯ ಮೇಲೆ ನಿಂತರೆ ಏನು ಕಾಣುತ್ತದೆ ಎಂದು ಹೇಳುವುದು ಸುಲಭ.

ಆದರೆ ಎರಡು ವ್ಯತ್ಯಾಸಗಳಿವೆ, ಇಡೀ ಉಪನ್ಯಾಸ ಆ ಎರಡರ ಮೇಲೆಯೇ ನಿಂತಿದೆ. ನಮ್ಮ ಕೆರೆಯ ಒಡ್ಡು ಸೋರಿದರೆ ಸಾಯುತ್ತದೆ. ಈ ಒಡ್ಡು ಸೋರುವುದರಿಂದಲೇ ಬದುಕಿದೆ. ನಮ್ಮ ಒಡ್ಡು ಕಟ್ಟಿದ ಜಾಗದಲ್ಲೇ ನಿಂತಿರಬೇಕು. ಈ ಒಡ್ಡು ನಡೆದುಕೊಂಡು ಬಂದಿದೆ, ಈಗಲೂ ನಡೆಯುತ್ತಿದೆ.

ಮೊದಲು ಸೋರುವ ವಿಷಯ. ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಟಬ್ ಇವೆ, ತಳಕ್ಕೆ ತೂತು ಕೊರೆದಿದೆ. ಒಂದರಲ್ಲಿ ಹೊಳೆಯ ಸಣ್ಣ ಉಸುಕು, ಮೊದಲೇ ನೀರು ಹಾಕಿ ನೆನೆಸಿಟ್ಟಿದ್ದು. ಇನ್ನೊಂದರಲ್ಲಿ ಕೋಳಿಮೊಟ್ಟೆ ಗಾತ್ರದ ಗುಂಡುಗಲ್ಲು. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತದಲ್ಲ, ಅಂಥ ಹೊಳೆದಂಡೆಯಲ್ಲಿ ಸಿಗುವ ಜಾತಿಯವು. ಎರಡನ್ನೂ ಒಂದೇ ಇಳಿಜಾರಿಗೆ ಓರೆ ಮಾಡಿದ್ದೇನೆ. ಈಗ ಒಂದೊಂದು ತಂಬಿಗೆ ನೀರನ್ನು ಕೆಳಗಿನಿಂದ ಮೇಲಕ್ಕೆ ರಭಸದಿಂದ ಎರಚುತ್ತೇನೆ, ತೆರೆ ಏರಿದ ಹಾಗೆ. ಉಸುಕಿನ ಕಡೆ ನೋಡ್ರಿ: ನೀರು ಏರಿತು, ಒಂದು ಗಳಿಗೆ ನಿಂತಿತು, ಹೆಚ್ಚುಕಡಿಮೆ ಅಷ್ಟೂ ನೀರು ಹಿಂದಕ್ಕೆ ಹರಿಯಿತು. ಹರಿಯುವಾಗ ಸಣ್ಣ ಕಾಲುವೆ ಕೊರೆದು ಉಸುಕನ್ನು ಕೆಳಗೆ ಎಳೆಯಿತು. ಕಲ್ಲಿನ ಕಡೆ ನೋಡ್ರಿ: ಗೇಣುದ್ದ ಏರುವುದರೊಳಗೆ ನೀರು ಮಾಯ. ಹಿಂದಕ್ಕೆ ಬರಲು ನೀರೇ ಉಳಿಯಲಿಲ್ಲ.

ಗುಂಡುಗಲ್ಲಿನ ದಂಡೆಯ ಗುಟ್ಟು ಇಷ್ಟೇ. ತೆರೆ ಮೇಲೆ ಬರುವಾಗ ಕಲ್ಲನ್ನು ತಳ್ಳಿಕೊಂಡು ಬರುತ್ತದೆ. ವಾಪಸು ಹೋಗುವಾಗ ನೀರಿನ ಬಹುಪಾಲು ಕಲ್ಲಿನ ಸಂದಿಯೊಳಗೆ ಇಂಗಿರುತ್ತದೆ. ತಂದ ಕಲ್ಲನ್ನು ಹೊತ್ತೊಯ್ಯುವ ಬಲ ಅದಕ್ಕೆ ಇರುವುದಿಲ್ಲ. ತಂದದ್ದು ಹೆಚ್ಚು, ಒಯ್ದದ್ದು ಕಡಿಮೆ. ಹೀಗೆ ದಂಡೆ ಕಡಿದಾಗುತ್ತ, ಎತ್ತರವಾಗುತ್ತ ಹೋಗುತ್ತದೆ. ಉಸುಕಿನ ದಂಡೆಯ ಇಳಿಜಾರು ಸಾಮಾನ್ಯವಾಗಿ 2ರಿಂದ 5 ಡಿಗ್ರಿ. ಗುಂಡುಗಲ್ಲಿನ ದಂಡೆ 10 ಡಿಗ್ರಿ ದಾಟುವುದು ಸಾಮಾನ್ಯ ಸಂಗತಿ. ಚೆಸಿಲ್ ದಂಡೆ ಪೋರ್ಟ್‌ಲ್ಯಾಂಡ್ ತುದಿಯಲ್ಲಿ ಸಮುದ್ರಮಟ್ಟದಿಂದ 14–15 ಮೀಟರ್ ಎತ್ತರಕ್ಕೆ ನಿಂತಿದೆ. ನಾಲ್ಕಂತಸ್ತಿನ ಮನೆಯಷ್ಟು. ಸಿಮೆಂಟಿಲ್ಲ, ಜೇಡಿಯಿಲ್ಲ, ಒಂದು ಕಲ್ಲಿಗೆ ಇನ್ನೊಂದು ಕಲ್ಲು ಅಂಟಿಕೊಂಡೂ ಇಲ್ಲ.

ಈ ಪ್ರಯೋಗವನ್ನು ಮನೆಯಲ್ಲೋ ಶಾಲೆಯಲ್ಲೋ ಮಾಡುವವರು ಒಂದು ತಪ್ಪು ಮಾಡುತ್ತಾರೆ: ಗುಂಡುಗಲ್ಲು ಸಿಗಲಿಲ್ಲ ಎಂದು ರಸ್ತೆಗೆ ಹಾಕುವ ಗರಸು ತುಂಬುತ್ತಾರೆ. ಗರಸಿನಲ್ಲಿ ದಪ್ಪ, ಸಣ್ಣ, ಪುಡಿ ಎಲ್ಲ ಬೆರೆತಿರುತ್ತದೆ. ಪುಡಿ ಸಂದಿಗಳನ್ನು ತುಂಬುತ್ತದೆ, ನೀರು ಮೇಲೆಯೇ ಹರಿಯುತ್ತದೆ, ಪ್ರಯೋಗ ಕೆಡುತ್ತದೆ. ಒಂದೇ ಅಳತೆಯ ಕಲ್ಲು ತುಂಬಿದ 10 ಲೀಟರ್ ಬಕೆಟ್ಟಿಗೆ ಮೇಲಿಂದ ಇನ್ನೂ ಸುಮಾರು 4 ಲೀಟರ್ ನೀರು ಹಿಡಿಯುತ್ತದೆ. ಬೆರಕೆ ಗರಸು ತುಂಬಿದ ಬಕೆಟ್ಟಿಗೆ ಅದರ ಅರ್ಧ ಹಿಡಿದರೆ ಹೆಚ್ಚು. ಆದ್ದರಿಂದ ಬರೀ ಕಲ್ಲು ಇದ್ದರೆ ಸಾಲದು, ಹಸನಾದ ಕಲ್ಲು ಬೇಕು. ನಮ್ಮ ಕಡೆ ಜೋಳ ಹಸನು ಮಾಡುತ್ತೇವಲ್ಲ, ಆ ಅರ್ಥದಲ್ಲಿಯೇ ಹೇಳುತ್ತಿದ್ದೇನೆ. ಚೆಸಿಲ್ ದಂಡೆಯನ್ನು ಹಸನು ಮಾಡಿದ್ದು ಸಮುದ್ರ.

ಅದು ಹೇಗೆ ಎಂದು ತಿಳಿಯಲು ಕಲ್ಲು ಎಲ್ಲಿಂದ ಬಂತು ಎಂದು ಕೇಳಬೇಕು. ದಂಡೆಯ ಕಲ್ಲನ್ನು ಎಣಿಸಿ ನೋಡಿದರೆ ನೂರರಲ್ಲಿ 98ಕ್ಕೂ ಹೆಚ್ಚು ಚಕಮಕಿ ಕಲ್ಲು ಮತ್ತು ಅದರ ದಾಯಾದಿ ಚರ್ಟ್. ಉಳಿದ ಒಂದೆರಡರಲ್ಲಿ ಸುಣ್ಣದಕಲ್ಲು, ಬೆಣಚು, ಕ್ವಾರ್ಟ್ಜೈಟ್ (ಉಸುಕುಗಲ್ಲು ಬೆಸೆದು ಗಟ್ಟಿಯಾದದ್ದು). ಚಕಮಕಿ ಹುಟ್ಟುವುದು ಸೀಮೆಸುಣ್ಣದ ಬಂಡೆಯೊಳಗೆ, ಗಡ್ಡೆಗಡ್ಡೆಯಾಗಿ. ಮಳೆನೀರಿಗೆ ಸೀಮೆಸುಣ್ಣ ಕರಗಿ ಹೋಗುತ್ತದೆ, ಚಕಮಕಿ ಕರಗುವುದಿಲ್ಲ. ಲಕ್ಷಾಂತರ ವರ್ಷಗಳಲ್ಲಿ ಗುಡ್ಡದ ನೆತ್ತಿಯ ಬಂಡೆಯೆಲ್ಲ ಸವೆದು ಚಕಮಕಿ ಮಾತ್ರ ರಾಶಿಯಾಗಿ ಉಳಿಯಿತು. ನಮ್ಮ ಘಟ್ಟದ ಬಂಡೆ ಕೊಳೆತರೆ ಉಳಿಯುವುದು ಉಸುಕು, ಅವರ ಗುಡ್ಡ ಕೊಳೆತರೆ ಉಳಿಯುವುದು ಮುಷ್ಟಿ ಗಾತ್ರದ ಗಟ್ಟಿ ಕಲ್ಲು. ಎರಡು ಕರಾವಳಿಗಳ ಮುಖ ಬೇರೆಯಾಗಲು ಇದು ದೊಡ್ಡ ಕಾರಣ.

ಆ ಕ್ವಾರ್ಟ್ಜೈಟ್ ಕಲ್ಲಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಲೆಕ್ಕದಲ್ಲಿ ಅವು ತೀರ ಕಡಿಮೆ, ಆದರೆ ಬಣ್ಣದಿಂದ ಕಣ್ಣಿಗೆ ಬೀಳುತ್ತವೆ. ಪಡುವಣಕ್ಕೆ ಬಡ್ಲಿ ಸಾಲ್ಟರ್ಟನ್ ಎಂಬ ಊರಿನ ಕಡಲಬಂಡೆಯಲ್ಲಿ ಇಂಥ ಗುಂಡುಗಲ್ಲಿನ ಪದರವೊಂದಿದೆ. ಇಪ್ಪತ್ತನಾಲ್ಕು ಕೋಟಿ ವರ್ಷಗಳಷ್ಟು ಹಿಂದೆ, ಇಂದಿನ ಫ್ರಾನ್ಸಿನ ಬ್ರಿಟನಿ ಕಡೆಯಿಂದ ಹರಿದ ಹೊಳೆ ಹೊತ್ತು ತಂದ ಕಲ್ಲುಗಳು ಅವು. ಒಮ್ಮೆ ಹೊಳೆಯಲ್ಲಿ ಉರುಳಿ ಗುಂಡಾದವು, ಬಂಡೆಯೊಳಗೆ ಸೇರಿ ಕಲ್ಲುಗಟ್ಟಿದವು, ಬಂಡೆ ಒಡೆದು ಮತ್ತೆ ಹೊರಬಂದು ಈಗ ಕಡಲಿನಲ್ಲಿ ಎರಡನೆಯ ಸಲ ಉರುಳುತ್ತಿವೆ.

ಈಗ ಹಿಮಯುಗಕ್ಕೆ ಬರೋಣ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಷ್ಟು ನೀರು ಮಂಜುಗಡ್ಡೆಯಾಗಿ ನೆಲದ ಮೇಲೆ ಕೂತಿತ್ತು. ನಮ್ಮ ಕರಾವಳಿಯೂ ಆಗ ಹತ್ತಾರು ಕಿಲೋಮೀಟರ್ ಪಡುವಣಕ್ಕಿತ್ತು. ಗಂಗಾವಳಿ, ಅಘನಾಶಿನಿ, ಕಾಳಿ ಎಲ್ಲವೂ ಇಂದಿನ ಅಳಿವೆ ದಾಟಿ ಬಯಲಿನಲ್ಲಿ ಮುಂದೆ ಹರಿಯುತ್ತಿದ್ದವು. ಇಂಗ್ಲೆಂಡ್, ಫ್ರಾನ್ಸ್ ನಡುವಿನ ಕಡಲಕಾಲುವೆ ಒಣನೆಲವಾಗಿತ್ತು. ಡಾರ್ಸೆಟ್ ಮೇಲೆ ಹಿಮನದಿ ಬರಲಿಲ್ಲ, ಆದರೆ ನೆಲ ಆಳದವರೆಗೆ ಹೆಪ್ಪುಗಟ್ಟಿತ್ತು. ಬಂಡೆಯ ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಬಂಡೆ ಸೀಳುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಅಡಿ ಕರಗುತ್ತದೆ, ಕೆಳಗಿನದು ಕಲ್ಲಾಗಿಯೇ ಇರುತ್ತದೆ. ನೀರು ಇಂಗಲು ಜಾಗವಿಲ್ಲದೆ ಮೇಲಿನ ಪದರ ಕೆಸರಾಗಿ ಇಳಿಜಾರಿನಲ್ಲಿ ಜಾರುತ್ತದೆ. ಮುಂಗಾರಿನಲ್ಲಿ ಎರೆಹೊಲದ ಮೇಲ್ಮಣ್ಣು ತೋಯ್ದು ಕಾಲು ಜಾರುವುದನ್ನು ನೆನಪಿಸಿಕೊಳ್ಳಿ. ಆ ಜಾರಿಕೆ ಇಡೀ ಗುಡ್ಡಕ್ಕೆ, ಸಾವಿರಾರು ಬೇಸಿಗೆಗಳ ಕಾಲ. ಹೀಗೆ ಜೇಡಿ, ಉಸುಕು, ಚಕಮಕಿ ಚೂರು ಎಲ್ಲ ಬೆರೆತ ದೊಡ್ಡ ಗರಸಿನ ಹಾಸು ಚೆಸಿಲ್ ದಂಡೆಯ ಮುಂದಿರುವ ಇಂದಿನ ಲೈಮ್ ಕೊಲ್ಲಿಯ ತಳದ ಮೇಲೆ ಹರಡಿತು.

ಆಮೇಲೆ ಹಿಮ ಕರಗಿತು, ಸಮುದ್ರ ಏರಿತು. ಲೆಕ್ಕ ಹಾಕೋಣ. ಸುಮಾರು 7,000 ವರ್ಷಗಳ ಹಿಂದಿನ ಹೊತ್ತಿಗೆ ನೀರು ಇಂದಿನ ಮಟ್ಟದ ಹತ್ತಿರ ಬಂದಿತ್ತು. ಅಂದರೆ 13,000 ವರ್ಷಗಳಲ್ಲಿ 110 ಮೀಟರಿನಷ್ಟು ಏರಿಕೆ. ಸರಾಸರಿ ವರ್ಷಕ್ಕೆ 8–9 ಮಿಲಿಮೀಟರ್. ಎರಡು ಜೋಳದ ಕಾಳು ಪಕ್ಕಪಕ್ಕ ಇಟ್ಟಷ್ಟು. ಕಡಿಮೆ ಅನ್ನಿಸುತ್ತದೆ, ಆದರೆ ಸಮುದ್ರ ತಳದ ಇಳಿಜಾರು ಸಾವಿರಕ್ಕೆ ಒಂದು ಎಂದು ಇಟ್ಟುಕೊಂಡರೆ, ನೀರು 8 ಮಿಲಿಮೀಟರ್ ಏರಿದಾಗ ದಡ 8 ಮೀಟರ್ ಒಳಗೆ ಬರುತ್ತದೆ. ಪ್ರತಿ ವರ್ಷ. ನೂರು ವರ್ಷದಲ್ಲಿ 800 ಮೀಟರ್. ಏರಿಕೆ ಒಂದೇ ಸಮನೆ ಇರಲಿಲ್ಲ. ಕೆಲವು ಶತಮಾನಗಳಲ್ಲಿ ಇದಕ್ಕಿಂತ ಬಹಳ ಬೇಗ ಏರಿದೆ.

ಹೀಗೆ ಒಳಗೆ ಬರುತ್ತಿದ್ದ ದಡದ ತೆರೆಗಳು ಆ ಗರಸಿನ ಹಾಸನ್ನು ಮೊರದಲ್ಲಿ ಕೇರಿದ ಹಾಗೆ ಕೇರಿದವು. ಆಳ ಕಡಿಮೆಯಾದ ಕಡೆ ತೆರೆಯ ಚಲನೆ ಎರಡೂ ದಿಕ್ಕಿಗೆ ಸಮವಾಗಿರುವುದಿಲ್ಲ. ತೆರೆಯ ನೆತ್ತಿ ಹಾಯುವಾಗ ತಳದ ನೀರು ದಡದ ಕಡೆಗೆ ಒಂದು ಗಳಿಗೆ ಜೋರಾಗಿ ನುಗ್ಗುತ್ತದೆ. ತಗ್ಗು ಹಾಯುವಾಗ ಹಿಂದಕ್ಕೆ ನಿಧಾನವಾಗಿ, ಹೆಚ್ಚು ಹೊತ್ತು ಸರಿಯುತ್ತದೆ. ದಪ್ಪ ಕಲ್ಲು ಜೋರಿನ ಏಟಿಗೆ ಮಾತ್ರ ಅಲುಗುತ್ತದೆ, ಹಾಗಾಗಿ ದಡದ ಕಡೆಗೇ ಹೋಗುತ್ತದೆ. ಜೇಡಿ ಮತ್ತು ಸಣ್ಣ ಉಸುಕು ನೀರಿನಲ್ಲಿ ತೇಲಿ ಆಳದ ಕಡೆ ಹೋಗುತ್ತವೆ. ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಈ ಕಾಳಿನ ರಾಶಿಯೇ ದಡದ ಮುಂದೆ ಉದ್ದನೆಯ ದಿಬ್ಬವಾಯಿತು.

ದಿಬ್ಬ ನಡೆಯುವುದು ಹೇಗೆ? ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ದಿನನಿತ್ಯದ ತೆರೆ ಕಲ್ಲನ್ನು ದಂಡೆಯ ಮುಂಭಾಗದಲ್ಲಿ ಮೆಟ್ಟಿಲಿನ ಹಾಗೆ ಜೋಡಿಸುತ್ತದೆ. ಬಿರುಗಾಳಿಯ ತೆರೆ ನೆತ್ತಿಯವರೆಗೆ ಏರಿ, ಅಲ್ಲಿ ನೀರು ಇಂಗಿ, ಕಲ್ಲನ್ನು ನೆತ್ತಿಯ ಮೇಲೆಯೇ ಬಿಡುತ್ತದೆ. ಇದು ದಂಡೆಗೆ ಒಳ್ಳೆಯದು, ಎತ್ತರ ಹೆಚ್ಚುತ್ತದೆ. ಇನ್ನೂ ದೊಡ್ಡ ತೆರೆ ಬಂದರೆ ಇಂಗುವಷ್ಟು ಹೊತ್ತು ಸಾಲದೆ ನೀರು ನೆತ್ತಿ ದಾಟಿ ಹಿಂದಕ್ಕೆ ಧುಮುಕುತ್ತದೆ. ಆಗ ನೆತ್ತಿಯನ್ನೇ ಕೊಚ್ಚಿ ಹಿಂಬದಿಯ ಇಳಿಜಾರಿನಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡುತ್ತದೆ. ಮೊದಲ ನೋಟಕ್ಕೆ ಒಡ್ಡು ಹಾಳಾಯಿತು ಅನ್ನಿಸುತ್ತದೆ. ಆದರೆ ಒಂದು ಕಲ್ಲೂ ಕಳೆದುಹೋಗಿಲ್ಲ. ಮುಂದೆ ಇದ್ದದ್ದು ಹಿಂದೆ ಬಂತು, ಅಷ್ಟೇ. ಮುಂದಿನ ತಿಂಗಳುಗಳ ತೆರೆಗಳು ಆ ಹೊಸ ಜಾಗದಲ್ಲಿ ನೆತ್ತಿಯನ್ನು ಮತ್ತೆ ಎತ್ತುತ್ತವೆ. ಚಕ್ಕಡಿಯ ಗಾಲಿ ಉರುಳಿದ ಹಾಗೆ ಇಡೀ ದಂಡೆ ತನ್ನ ಮೇಲೆ ತಾನೇ ಉರುಳಿಕೊಂಡು ನೆಲದ ಕಡೆ ಬರುತ್ತದೆ. ಸಮುದ್ರ ಏರಿದಂತೆ ಸಾವಿರಾರು ವರ್ಷ ಹೀಗೆ ಬಂದ ದಂಡೆ ಇದು.

ಈಗ ಕೆರೆಯ ವಿಷಯ. ದಂಡೆ ಇಂದಿನ ಜಾಗದ ಹತ್ತಿರ ಬಂದಾಗ ಅದರ ಹಿಂದೆ, ಕರಾವಳಿಗೆ ಸಮಾನಾಂತರವಾಗಿ, ಮೆದು ಬಂಡೆ ಸವೆದು ಆದ ತಗ್ಗು ನೆಲವಿತ್ತು. ಸಮುದ್ರ ಏರಿದಂತೆ ಆ ತಗ್ಗಿಗೆ ಮೂರು ದಾರಿಯಿಂದ ನೀರು ಬಂತು: ಮೇಲಿನ ಗುಡ್ಡದ ಹಳ್ಳಗಳಿಂದ, ಮೂಡಣ ತುದಿಯ ಕಿರಿದಾದ ಬಾಯಿಯಿಂದ, ದಂಡೆಯ ಕಲ್ಲುಸಂದಿಯಿಂದ. ಸುಮಾರು 7,000 ವರ್ಷಗಳಿಂದ ಅಲ್ಲಿ ಶಾಂತ ನೀರಿದೆ ಎನ್ನುವುದನ್ನು ತಳದ ಕೆಸರು ಮತ್ತು ಪೀಟ್, ಅಂದರೆ ಜವುಗಿನಲ್ಲಿ ಅರೆಕೊಳೆತ ಗಿಡದ ಕಪ್ಪು ಪದರ, ಹೇಳುತ್ತವೆ. ಗಿಡದಲ್ಲಿರುವ ಇಂಗಾಲವನ್ನು ಅಳೆದು ವಯಸ್ಸು ಹೇಳಬಹುದು. ಕಲ್ಲಿಗೆ ಆ ಅಳತೆ ನಡೆಯುವುದಿಲ್ಲ. ದಂಡೆಯ ಜಾತಕ ಸಿಕ್ಕಿದ್ದು ಕೆರೆಯ ತಳದಲ್ಲಿ.

ಒಬ್ಬರು ಕೇಳಬಹುದು: ಮೊದಲು ಸಮುದ್ರ ಒಳಗೆ ಬಂದು, ಆಮೇಲೆ ಎದುರಿಗೆ ಕಲ್ಲಿನ ದಿಬ್ಬ ಬೆಳೆದು ನೀರು ಒಳಗೆ ಸಿಕ್ಕಿಕೊಂಡಿರಬಹುದಲ್ಲ? ಉತ್ತರ ಕೆರೆಯ ಒಳದಡದಲ್ಲಿದೆ. ದಂಡೆಯ ಹಿಂದೆ ಕೆರೆಯಿಲ್ಲದ ಪಡುವಣ ಭಾಗದಲ್ಲಿ, ಬರ್ಟನ್ ಬ್ರಾಡ್‌ಸ್ಟಾಕ್ ಹತ್ತಿರ, ನೆಲ ಸಮುದ್ರದ ಎದುರು ಗೋಡೆಯ ಹಾಗೆ ಕಡಿದು ನಿಂತಿದೆ. ತೆರೆ ಬುಡ ಕೊರೆದದ್ದರ ಗುರುತು ಅದು. ಫ್ಲೀಟ್‌ನ ಒಳದಡದಲ್ಲಿ ಅಂಥ ಕಡಲಗೋಡೆ ಇಲ್ಲ. ಹೊಲಗಳು ಮೆಲ್ಲನೆ ಇಳಿಯುತ್ತ ನೀರಿನ ಅಂಚಿಗೆ ಬರುತ್ತವೆ, ಹೆಚ್ಚೆಂದರೆ ಆಳೆತ್ತರದ ಸಣ್ಣ ಕುಸಿತ. ತೆರೆದ ಸಮುದ್ರದ ತೆರೆ ಆ ದಡವನ್ನು ಎಂದೂ ಹೊಡೆದಿಲ್ಲ. ಅಂದರೆ ನೀರು ಬರುವ ಮೊದಲೇ ಒಡ್ಡು ಬಂದಿತ್ತು. ಭೂವಿಜ್ಞಾನದಲ್ಲಿ ಇಷ್ಟು ಸರಳವಾದ, ಇಷ್ಟು ಬಲವಾದ ಸಾಕ್ಷಿ ಅಪರೂಪ. ದೊಡ್ಡ ಯಂತ್ರ ಬೇಡ, ದಡ ನೋಡಿದರೆ ಸಾಕು.

ಫ್ಲೀಟ್ ಉದ್ದ ಹೆಚ್ಚು, ಆಳ ಕಡಿಮೆ. ಅಗಲ ಕಿರಿದಾದ ಕಡೆ 65 ಮೀಟರ್, ಹೆಚ್ಚಾದ ಕಡೆ 900 ಮೀಟರ್. ಹೆಚ್ಚಿನ ಭಾಗದಲ್ಲಿ ಎದೆಮಟ್ಟಕ್ಕಿಂತ ಆಳವಿಲ್ಲ, ಬಾಯಿಯ ಹತ್ತಿರದ ಇಕ್ಕಟ್ಟಿನಲ್ಲಿ ಮಾತ್ರ ಆಳ. ಬಾಯಿ ಇರುವುದು ಒಂದೇ, ಮೂಡಣ ತುದಿಯಲ್ಲಿ. ಹಾಗಾಗಿ ಅಲ್ಲಿ ಉಬ್ಬರ ಇಳಿತ ಜೋರು, ನೀರು ಕಡಲಿನಷ್ಟೇ ಉಪ್ಪು. 13 ಕಿಲೋಮೀಟರ್ ಒಳಗೆ ಆಬಟ್ಸ್‌ಬರಿಗೆ ಬರುವ ಹೊತ್ತಿಗೆ ಉಬ್ಬರ ತಡವಾಗಿ, ಸೋತು ಬರುತ್ತದೆ. ಹಳ್ಳದ ಸಿಹಿನೀರು ಬೆರೆತು ಉಪ್ಪು ತಗ್ಗುತ್ತದೆ. ಆ ತುದಿಯಲ್ಲಿ ನೀರು ಬೇಗ ಬದಲಾಗುವುದಿಲ್ಲ. ಸುತ್ತಲ ಹೊಲದ ಗೊಬ್ಬರ ಇಳಿದು ಬಂದರೆ ಬೇಸಿಗೆಯಲ್ಲಿ ಪಾಚಿ ಕಟ್ಟುವುದು ಅಲ್ಲಿಯೇ. ಅಲ್ಲಿಯ ಹಂಸಗಳ ತಾಣ ಬಹಳ ಹಳೆಯದು. ಮಧ್ಯಯುಗದಲ್ಲಿ ಮಠದ ಸನ್ಯಾಸಿಗಳು ಸಾಕುತ್ತಿದ್ದರು, 1393ರ ದಾಖಲೆಯಲ್ಲಿ ಅದರ ಉಲ್ಲೇಖವಿದೆ. ಹಂಸಗಳು ತಿನ್ನುವುದು ಕೆರೆಯ ತಳದಲ್ಲಿ ಬೆಳೆಯುವ ಕಡಲಹುಲ್ಲು. ಒಡ್ಡಿನ ಮರೆ ಇಲ್ಲದಿದ್ದರೆ ಆ ಹುಲ್ಲು ಬೇರು ಹಿಡಿಯುತ್ತಿರಲಿಲ್ಲ.

ಕಡಲಕೆರೆಗೆ ಬಾಯಿ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಒಡಿಶಾದ ಚಿಲಿಕಾ ಉಸುಕಿನ ಒಡ್ಡಿನ ಹಿಂದಿನ ಕಡಲಕೆರೆ. ಕರಾವಳಿಗುಂಟ ಸರಿಯುವ ಉಸುಕು ಬಾಯಿಯನ್ನು ತುಂಬಿ ದೂರ ತಳ್ಳುತ್ತ ಹೋಯಿತು. ಉಪ್ಪು ಇಳಿಯಿತು, ಕಳೆ ಹಬ್ಬಿತು, ಮೀನು ಕಡಿಮೆಯಾಯಿತು. 2000ದ ಸೆಪ್ಟೆಂಬರಿನಲ್ಲಿ ಉಸುಕಿನ ಒಡ್ಡನ್ನು ಕಡಿದು ಹೊಸ ಬಾಯಿ ತೆರೆದ ಮೇಲೆ ಕೆರೆ ಚೇತರಿಸಿಕೊಂಡಿತು. ಉಸುಕಿನ ಒಡ್ಡಿಗೂ ಕಲ್ಲಿನ ಒಡ್ಡಿಗೂ ಇದು ಇನ್ನೊಂದು ವ್ಯತ್ಯಾಸ: ಉಸುಕು ಪಕ್ಕಕ್ಕೆ ಬಹಳ ಓಡಾಡುತ್ತದೆ, ಚೆಸಿಲ್ ದಂಡೆ ಹೆಚ್ಚುಕಡಿಮೆ ಅಟ್ಲಾಂಟಿಕ್ ತೆರೆಗೆ ಎದೆಯೊಡ್ಡಿ ನಿಂತಿರುವುದರಿಂದ ಪಕ್ಕದ ಓಡಾಟ ಕಡಿಮೆ.

ಕಡಿಮೆ, ಆದರೆ ಇಲ್ಲವೆಂದಲ್ಲ. ಅದರ ಫಲ ಈ ದಂಡೆಯ ಅತಿ ಪ್ರಸಿದ್ಧ ಸಂಗತಿ. ವೆಸ್ಟ್ ಬೇ ಕಡೆ ಕಲ್ಲು ಬಟಾಣಿ ಕಾಳಿನಷ್ಟು. ಪೂರ್ವಕ್ಕೆ ಹೋದಂತೆ ದಪ್ಪವಾಗುತ್ತ ಪೋರ್ಟ್‌ಲ್ಯಾಂಡ್ ತುದಿಯಲ್ಲಿ ಕೋಳಿಮೊಟ್ಟೆಯಷ್ಟು, ಕೆಲವು ಆಲೂಗಡ್ಡೆಯಷ್ಟು. ರಾತ್ರಿಯ ಕತ್ತಲಲ್ಲಿ ದೋಣಿ ದಡ ಮುಟ್ಟಿದರೆ ಮೀನುಗಾರರು ಒಂದು ಹಿಡಿ ಕಲ್ಲು ಎತ್ತಿ ಯಾವ ಊರಿನ ಎದುರಿಗೆ ಬಂದಿದ್ದೇವೆ ಎಂದು ಹೇಳುತ್ತಿದ್ದರು ಎಂಬ ಮಾತು ಅಲ್ಲಿ ಇದೆ. ಪೋರ್ಟ್‌ಲ್ಯಾಂಡ್ ಬಂದರಿನ ಅಲೆತಡೆ ಕಟ್ಟಿಸುತ್ತಿದ್ದ ಎಂಜಿನಿಯರ್ ಜಾನ್ ಕೂಡ್ 1853ರಲ್ಲಿಯೇ ದಂಡೆಯನ್ನು ವಿವರವಾಗಿ ದಾಖಲಿಸಿದರು. ಎ.ಪಿ. ಕಾರ್ ಎಂಬ ವಿಜ್ಞಾನಿ ಆ ದಂಡೆಯದ್ದಲ್ಲದ, ಬಣ್ಣದಿಂದಲೇ ಗುರುತು ಸಿಗುವ ಕಲ್ಲುಗಳನ್ನು ದಂಡೆಯ ಮೇಲೆ ಹಾಕಿ, ದಿನ ಕಳೆದಂತೆ ಎಲ್ಲಿ ಸಿಗುತ್ತವೆ ಎಂದು ಹುಡುಕಿಸಿ, 1971ರಲ್ಲಿ ಫಲಿತಾಂಶ ಪ್ರಕಟಿಸಿದರು. ದಂಡೆಯುದ್ದಕ್ಕೆ ದಪ್ಪ ಕಲ್ಲೇ ಬೇಗ ಸಾಗುತ್ತದೆ ಎಂದು ಅದು ತೋರಿಸಿತು.

ಕೇಳಿದರೆ ತಲೆಕೆಳಗು ಅನ್ನಿಸುತ್ತದೆ. ಭಾರದ್ದು ನಿಧಾನ ಹೋಗಬೇಕಲ್ಲ? ಮೊರದಲ್ಲಿ ಜೋಳ ಹಾಕಿ, ಮೇಲೆ ನಾಲ್ಕು ಅಡಿಕೆ ಬಿಟ್ಟು ಓರೆ ಮಾಡಿ ನೋಡಿ. ಅಡಿಕೆ ಜೋಳದ ಮೇಲೆ ಉರುಳಿ ಅಂಚಿಗೆ ಬರುತ್ತದೆ. ಈಗ ಅಡಿಕೆ ಹರಡಿ ಮೇಲೆ ಜೋಳ ಚೆಲ್ಲಿ; ಜೋಳ ಅಡಿಕೆಯ ಸಂದಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ದಂಡೆಯ ಮೇಲೆಯೂ ಹಾಗೆಯೇ: ಸಣ್ಣ ಕಲ್ಲಿನ ನಡುವೆ ದಪ್ಪ ಕಲ್ಲು ತಲೆಯೆತ್ತಿ ನಿಂತು ತೆರೆಯ ಪೂರ್ತಿ ಏಟು ತಿನ್ನುತ್ತದೆ, ಉರುಳುತ್ತದೆ. ಇದಕ್ಕೆ ಇನ್ನೊಂದು ಸೇರುತ್ತದೆ. ನೈಋತ್ಯದ ಅಟ್ಲಾಂಟಿಕ್ ತೆರೆ ಬಲಶಾಲಿ. ದಪ್ಪ, ಸಣ್ಣ ಎರಡನ್ನೂ ಪೂರ್ವಕ್ಕೆ ಒಯ್ಯುತ್ತದೆ. ಆಗ್ನೇಯದಿಂದ, ಫ್ರಾನ್ಸ್ ಕಡೆಯ ಕಡಲಕಾಲುವೆಯಿಂದ ಬರುವ ತೆರೆ ದುರ್ಬಲ. ಸಣ್ಣದನ್ನು ಮಾತ್ರ ಪಡುವಣಕ್ಕೆ ತರಬಲ್ಲದು. ದಪ್ಪ ಕಲ್ಲಿಗೆ ಹೋಗುವ ಟಿಕೆಟ್ ಮಾತ್ರ, ಸಣ್ಣ ಕಲ್ಲಿಗೆ ಹೋಗಿ ಬರುವ ಟಿಕೆಟ್. ಪೋರ್ಟ್‌ಲ್ಯಾಂಡ್ ತುದಿಯಲ್ಲಿ ದಡದ ಹತ್ತಿರದವರೆಗೂ ನೀರು ಆಳವಿರುವುದರಿಂದ ತೆರೆ ಬಲ ಕಳೆದುಕೊಳ್ಳದೆ ಬರುತ್ತದೆ, ಅಲ್ಲಿ ದಪ್ಪ ಕಲ್ಲೇ ನಿಲ್ಲಬಲ್ಲದು. ಈ ಅಂದವಾದ ಜೋಡಣೆ ಮೇಲ್ಮೈಗೆ ಮಾತ್ರ. ಬೋರ್ ಹೊಡೆದು ನೋಡಿದಾಗ ಒಡಲಲ್ಲಿ ಸಣ್ಣ ಕಲ್ಲು, ಉಸುಕು ಬೆರೆತದ್ದು ಸಿಕ್ಕಿದೆ.

ಒಡ್ಡು ಸೋಲುವುದು ಎಲ್ಲಿ? 1824ರ ನವೆಂಬರ್ 23ರ ಬಿರುಗಾಳಿಯಲ್ಲಿ ಸಮುದ್ರ ನೆತ್ತಿ ದಾಟಿತು. ಪೋರ್ಟ್‌ಲ್ಯಾಂಡ್ ತುದಿಯ ಚಿಸ್‌ವೆಲ್ ಎಂಬ ಹಳ್ಳಿಯಲ್ಲಿ ಮನೆಗಳು ಕುಸಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೆರೆಯಾಚೆಯ ಫ್ಲೀಟ್ ಹಳ್ಳಿಯ ಚರ್ಚು ಒಡೆಯಿತು. ಅದರ ಗರ್ಭಗುಡಿಯ ಭಾಗ ಮಾತ್ರ ಇಂದಿಗೂ ಉಳಿದಿದೆ. 1979ರ ಫೆಬ್ರವರಿ 13ರಂದು ಮತ್ತೆ ಚಿಸ್‌ವೆಲ್‌ಗೆ ನೀರು ನುಗ್ಗಿತು. ಆ ಸಲ ಬಂದದ್ದು ದೂರದ ಅಟ್ಲಾಂಟಿಕ್‌ನಲ್ಲಿ ಎದ್ದ ಉದ್ದನೆಯ ತೆರೆ. ಒಂದು ತೆರೆಗೂ ಮತ್ತೊಂದಕ್ಕೂ ನಡುವಿನ ಅಂತರ ಹೆಚ್ಚಾದಷ್ಟೂ ಒಂದೊಂದು ತೆರೆಯಲ್ಲಿ ನೀರು ಹೆಚ್ಚು. ಕಲ್ಲುಸಂದಿ ತುಂಬಿಹೋಗುತ್ತದೆ, ಇಂಗಲು ಜಾಗವಿರುವುದಿಲ್ಲ. ತುಂಬಿದ ದಂಡೆ ಉಸುಕಿನ ದಂಡೆಯಂತೆಯೇ ವರ್ತಿಸುತ್ತದೆ. ಟಬ್ಬಿನ ತೂತನ್ನು ಮುಚ್ಚಿ ಕಲ್ಲಿಗೆ ಕಂಠಮಟ್ಟ ನೀರು ತುಂಬಿ, ಆಮೇಲೆ ತಂಬಿಗೆ ನೀರು ಎರಚಿದರೆ ಇದೇ ಕಾಣುತ್ತದೆ.

ಸೋರಿದ ನೀರು ಹಿಂಬದಿಯಿಂದ ಹೊರಬರಬೇಕು. ಕೆರೆಯ ಕಡೆಯ ಇಳಿಜಾರಿನಲ್ಲಿ ಅದು ಚಿಲುಮೆಯಾಗಿ ಚಿಮ್ಮಿ ಕಲ್ಲನ್ನು ಕೆಳಗೆ ತಳ್ಳಿ ಸಣ್ಣ ಕೊರಕಲು ಮಾಡುತ್ತದೆ. ಆ ಕೊರಕಲುಗಳ ಸಾಲು ದಂಡೆಯ ಹಿಂಬದಿಯಲ್ಲಿ ಈಗಲೂ ಕಾಣುತ್ತದೆ. ಡಂಬಳದ ಕೆರೆಯೋ ಮದಗದ ಕೆರೆಯೋ ಆಗಿದ್ದರೆ ಒಡ್ಡಿನ ಹಿಂಪಾದದಲ್ಲಿ ಕೆಸರುನೀರು ಕಂಡ ಕೂಡಲೇ ಊರವರು ಓಡಿಬರಬೇಕು. ನೀರು ಮಣ್ಣನ್ನು ಹೊತ್ತು ತರುತ್ತಿದೆ, ಒಳಗೆ ಪೊಳ್ಳಾಗುತ್ತಿದೆ ಎಂದರ್ಥ. ಚೆಸಿಲ್‌ನಲ್ಲಿ ಬರುವುದು ತಿಳಿನೀರು, ಒಯ್ಯಲು ಪುಡಿಮಣ್ಣು ಅಷ್ಟಾಗಿ ಇಲ್ಲ. ಹಾಗಾಗಿ ಒಡ್ಡು ತಡೆಯುತ್ತದೆ. 1979ರ ನಂತರ ಚಿಸ್‌ವೆಲ್ ಹತ್ತಿರ ಎಂಜಿನಿಯರುಗಳು ದಂಡೆಯ ಹಿಂಬದಿಯಲ್ಲಿ ದೊಡ್ಡ ಚರಂಡಿ ಹಾಕಿ, ಸೋರಿದ ನೀರನ್ನು ಹಿಡಿದು ಬಂದರಿನ ಕಡೆ ಬಿಟ್ಟರು. ಸೋರಿಕೆ ನಿಲ್ಲಿಸಲಿಲ್ಲ, ಸೋರಿದ್ದಕ್ಕೆ ದಾರಿ ಮಾಡಿದರು. ನನಗೆ ಇದು ಬಹಳ ಸರಿಯಾದ ಕೆಲಸ ಅನ್ನಿಸುತ್ತದೆ. ಕಾಂಕ್ರೀಟ್ ಗೋಡೆ ಕಟ್ಟಿ ಸೋರಿಕೆ ಮುಚ್ಚಿದ್ದರೆ ವಾಪಸು ಹೋಗುವ ನೀರು ಗೋಡೆಯ ಬುಡದ ಕಲ್ಲನ್ನೇ ಎಳೆದೊಯ್ಯುತ್ತಿತ್ತು.

ಸೋಲಿನ ಇನ್ನೊಂದು ದಾರಿ ಮನುಷ್ಯ ಮಾಡಿದ್ದು. ಚೆಸಿಲ್‌ನಿಂದ ಪಡುವಣಕ್ಕೆ, ಡೆವನ್‌ನಲ್ಲಿ ಹಾಲ್‌ಸ್ಯಾಂಡ್ಸ್ ಎಂಬ ಮೀನುಗಾರರ ಹಳ್ಳಿ, 37 ಮನೆ. ಮುಂದೆ ಇಂಥದ್ದೇ ಹಿಮಯುಗದ ಕಲ್ಲಿನ ದಂಡೆ. 1897ರಿಂದ ಪ್ಲಿಮತ್ ನೌಕಾನೆಲೆಯ ವಿಸ್ತರಣೆಗೆಂದು ಆ ದಡದ ಮುಂದಿನಿಂದ ಕಲ್ಲು ಎತ್ತಿದರು. ಸುಮಾರು ಆರೂವರೆ ಲಕ್ಷ ಟನ್. ತೆಗೆದಷ್ಟನ್ನು ಸಮುದ್ರ ಮತ್ತೆ ತುಂಬುತ್ತದೆ ಎಂದು ನಂಬಿದ್ದರು. ತುಂಬಲಿಲ್ಲ. ದಂಡೆ ತಗ್ಗಿತು, 1902ರಲ್ಲಿ ಕೆಲಸ ನಿಲ್ಲಿಸಿದರೂ ಹೋದ ಕಲ್ಲು ಬರಲಿಲ್ಲ. 1917ರ ಜನವರಿ 26ರ ಬಿರುಗಾಳಿಗೆ ಊರು ಕೊಚ್ಚಿಹೋಯಿತು, ವಾಸಕ್ಕೆ ಉಳಿದದ್ದು ಒಂದೇ ಮನೆ.

ಹಾವೇರಿ ಕಡೆಯಿಂದ ಬಂದವರಿಗೆ ಉಸುಕು ತೆಗೆಯುವ ವಿಷಯ ಹೊಸತಲ್ಲ. ತುಂಗಭದ್ರೆಯ ಉಸುಕನ್ನು ಮಿತಿಮೀರಿ ತೆಗೆದರೆ ಹೊಳೆ ಆಳವಾಗುತ್ತದೆ, ದಡದ ಬಾವಿ ಒಣಗುತ್ತವೆ. ಆದರೂ ಹೊಳೆಗೆ ಮಹಾಪೂರ ಬಂದರೆ ಮೇಲಿನಿಂದ ಸ್ವಲ್ಪವಾದರೂ ಹೊಸ ಉಸುಕು ಬರುತ್ತದೆ. ಹಾಲ್‌ಸ್ಯಾಂಡ್ಸ್‌ಗೆ ಬರುವ ದಾರಿಯೇ ಇರಲಿಲ್ಲ. ಚೆಸಿಲ್‌ಗೂ ಇಲ್ಲ. ಕೊಲ್ಲಿಯ ತಳದ ಗರಸಿನ ಹಾಸು ಆಳ ನೀರಿನ ಕೆಳಗೆ ಹೋಗಿದೆ, ತೆರೆ ಅದನ್ನು ಅಲುಗಿಸಲಾರದು. ಪಡುವಣದ ಗುಡ್ಡಗಳ ಭೂಕುಸಿತದಿಂದ ಬರುತ್ತಿದ್ದ ಕಲ್ಲನ್ನು ನಡುವಿನ ಭೂಶಿರಗಳು, ವೆಸ್ಟ್ ಬೇ ಬಂದರಿನ ಗೋಡೆಗಳು ತಡೆಯುತ್ತವೆ. ಹಿಂದೆ ಚೆಸಿಲ್‌ನಿಂದಲೂ ವ್ಯಾಪಾರಕ್ಕೆ ಕಲ್ಲು ಎತ್ತುತ್ತಿದ್ದರು. ಈಗ ನಿಲ್ಲಿಸಿದ್ದಾರೆ, ಪ್ರವಾಸಿಗರು ನೆನಪಿಗೆಂದು ಒಂದು ಕಲ್ಲು ಒಯ್ಯುವಂತಿಲ್ಲ. ಇರುವ ಕಲ್ಲೂ ಪ್ರತಿ ತೆರೆಗೆ ಒಂದಕ್ಕೊಂದು ಉಜ್ಜಿ ಕೊಂಚ ಕೊಂಚವೇ ಸವೆಯುತ್ತದೆ.

ಅಷ್ಟೇ ಕಲ್ಲಿನಲ್ಲಿ ಒಡ್ಡು ಇನ್ನೂ ನಡೆಯುತ್ತಿದೆ. ಸಮುದ್ರ ಈಗ ಮತ್ತೆ ಏರುತ್ತಿದೆ, ದೊಡ್ಡ ಬಿರುಗಾಳಿ ನೆತ್ತಿ ದಾಟಿದಾಗಲೆಲ್ಲ ಕಲ್ಲಿನ ಬೀಸಣಿಗೆ ಕೆರೆಯೊಳಕ್ಕೆ ಚಾಚುತ್ತದೆ. ಕೆರೆ ಕಡಲ ಕಡೆಯಿಂದ ಕಿರಿದಾಗುತ್ತದೆ. ಇದನ್ನು ನಂಬಲು ನೂರು ವರ್ಷ ಕಾಯಬೇಕಿಲ್ಲ. ಬಿರುಗಾಳಿ ಇಳಿದ ಮರುದಿನ ಕಡಲ ಕಡೆಯ ದಂಡೆಯಲ್ಲಿ, ಚಕಮಕಿ ಕಲ್ಲಿನ ನಡುವೆ, ಕೆಲವೊಮ್ಮೆ ಕಪ್ಪು ಹೆಂಟೆಗಳು ಸಿಗುತ್ತವೆ. ಕೈಯಲ್ಲಿ ಹಿಡಿದು ಮುರಿದರೆ ಹಗುರ, ಒಳಗೆ ನಾರು ನಾರು, ಜವುಗಿನ ಗಿಡದ ಬೇರು. ಅದು ಕೆರೆಯ ತಳದ ಪೀಟ್. ಕೆರೆ ಇರುವುದು ದಂಡೆಯ ಆಚೆ ಬದಿಗೆ, ಹೆಂಟೆ ಸಿಕ್ಕಿದ್ದು ಕಡಲ ಬದಿಗೆ. ಆ ಗಿಡ ಬೆಳೆದ ಕಾಲಕ್ಕೆ ಒಡ್ಡು ಇನ್ನೂ ಕಡಲೊಳಗಿತ್ತು, ಗಿಡ ಅದರ ಮರೆಯಲ್ಲಿತ್ತು. ಆಮೇಲೆ ಒಡ್ಡು ಆ ಗಿಡವನ್ನು ತುಳಿದುಕೊಂಡು ಒಳಗೆ ಬಂತು. ಹಿಂದಿದ್ದ ಕೆರೆಯ ತಳ ಈಗ ಒಡ್ಡಿನ ಮುಂದೆ ಹೊರಬಿದ್ದಿದೆ.